ವಜ್ರದ ಮೂಲ ತಿಳಿಯುವುದು ಹೇಗೆ?

ಪ್ರಶ್ನೆ: ಮಗಳ ಮದುವೆಗೆ ವಜ್ರದ ಓಲೆ ಕೊಳ್ಳಬೇಕು. ಯಾರಿಗೂ ಅನ್ಯಾಯವಾಗದೆ ಬಂದ ವಜ್ರ ಎಂದು ಅಂಗಡಿಯವರು ಹೇಳಿದರೆ ನಂಬಬಹುದೇ?
– ಓದುಗರೊಬ್ಬರು, ಅಮೀರ್‌ಪೇಟ್, ಹೈದರಾಬಾದ್

ಉತ್ತರ: ಬಾಯಿಮಾತು ಸಾಲದು, ದಾಖಲೆ ಕೇಳಿ. 2003ರಿಂದ ಜಾರಿಯಲ್ಲಿರುವ ಕಿಂಬರ್ಲಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಂತೆ ಕಚ್ಚಾ ವಜ್ರ ಗಡಿ ದಾಟಲು ಮೊಹರು ಹಾಕಿದ ಪೆಟ್ಟಿಗೆಯೂ ಸರ್ಕಾರಿ ಪ್ರಮಾಣಪತ್ರವೂ ಬೇಕು. ಆದರೆ ಅದು ತಡೆಯುವುದು ಬಂಡುಕೋರರ ಯುದ್ಧಕ್ಕೆ ಹಣವಾಗುವ ವಜ್ರವನ್ನಷ್ಟೇ. ಗಣಿಯಲ್ಲಿ ಮಕ್ಕಳು ದುಡಿದರೇ, ಕೂಲಿ ಸರಿಯಾಗಿ ಸಿಕ್ಕಿತೇ ಎಂಬುದು ಆ ಪತ್ರದ ಲೆಕ್ಕಕ್ಕೆ ಬಾರದು. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ.

ಸೂರತ್‌ನಲ್ಲಿ ಸಾಣೆ ಹಿಡಿಯುವ ಮೊದಲೇ ನಾನಾ ಗಣಿಗಳ ಹರಳು ಬೆರೆತರೆ ಮೂಲದ ಜಾಡು ತಪ್ಪುತ್ತದೆ. ಅದಕ್ಕೇ ಆಭರಣ ತಯಾರಿಸುವ ಟಿಫಾನಿ ಕಂಪನಿ ಕಚ್ಚಾ ಹರಳು ಕೊಂಡು ಸ್ವಂತ ಕಾರ್ಖಾನೆಗಳಲ್ಲೂ ಕತ್ತರಿಸುತ್ತದೆ. 2019ರಿಂದ ತನ್ನ ದೊಡ್ಡ ಹರಳುಗಳ ಮೂಲವನ್ನು ಗ್ರಾಹಕರಿಗೆ ತಿಳಿಸುತ್ತಿದೆ.

ನಮ್ಮ ದೇಶದ್ದೇ ವಜ್ರ ಬೇಕೆಂದರೆ, ಗೋಲ್ಕೊಂಡದ ಹೆಸರಿನಲ್ಲಿ ಮೆರೆದ ಕೊಲ್ಲೂರು ಗಣಿ ಬರಿದಾಗಿ ಬಹುಕಾಲವಾಯಿತು. ಈಗ ನಿಮ್ಮೂರಿನ ಮಾಸಾಬ್ ಟ್ಯಾಂಕ್‌ನಲ್ಲಿ ಕಚೇರಿಯಿರುವ ಸರ್ಕಾರಿ ಸಂಸ್ಥೆ ಎನ್‌ಎಂಡಿಸಿಗೆ ಮಧ್ಯಪ್ರದೇಶದ ಪನ್ನಾದಲ್ಲಿ ವಜ್ರದ ಗಣಿಯಿದೆ.

ಸಾಮಾನ್ಯ ಲ್ಯಾಬ್ ವರದಿಯಲ್ಲಿ ತೂಕ, ಬಣ್ಣ, ಸ್ವಚ್ಛತೆ ಇರುತ್ತವೆ, ಗಣಿಯ ಹೆಸರಿರುವುದಿಲ್ಲ. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆಯಿದ್ದರೆ ಭೂತಗನ್ನಡಿಯಲ್ಲಿ ನೋಡಿ, ವರದಿಯೊಂದಿಗೆ ತಾಳೆ ಹಾಕಿ. ಮೂಲದ ಘೋಷಣೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.