ಖಾಲಿ ಟ್ಯಾಂಕು ಖಾಲಿಯಲ್ಲ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹದಿನೈದು ಇಪ್ಪತ್ತು ವರ್ಷ ದುಡಿದ ಪಿಕಪ್ ಗಾಡಿಗಳು ಇನ್ನೂ ಓಡುತ್ತಲೇ ಇವೆ. ಆಲೂಗೆಡ್ಡೆ, ಶುಂಠಿ, ತೆಂಗಿನಕಾಯಿ, ಹೊಗೆಸೊಪ್ಪು ಎಲ್ಲವನ್ನೂ ಹೊತ್ತ ಗಾಡಿಗಳು ಇವು. ಒಂದು ದಿನ ಬೆಳಿಗ್ಗೆ ನೋಡಿದರೆ ಗಾಡಿ ನಿಂತ ಜಾಗದಲ್ಲಿ ಡೀಸೆಲ್ ತೊಟ್ಟಿಕ್ಕಿರುತ್ತದೆ. ಇಲ್ಲವೇ ಏರು ಹತ್ತುವಾಗ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ಫಿಲ್ಟರ್ ಬಿಚ್ಚಿದರೆ ಕೆಂಪು ಪುಡಿ. ಟ್ಯಾಂಕಿಗೆ ತುಕ್ಕು ಹಿಡಿದಿದೆ ಎಂದು ಅರ್ಥ.

ಆರೋಗ್ಯದ ಅಂಕಣದಲ್ಲಿ ಗಾಡಿಯ ಟ್ಯಾಂಕಿನ ಮಾತೇಕೆ ಎಂದು ನೀವು ಕೇಳಬಹುದು. ಈ ಟ್ಯಾಂಕನ್ನು ಬರಿದು ಮಾಡಿ, ತೊಳೆದು, ಬೆಸುಗೆ ಹಾಕುವ ಒಂದು ದಿನದ ಕೆಲಸದಲ್ಲಿ ಶ್ವಾಸಕೋಶ, ಕಣ್ಣು, ಚರ್ಮ ಮೂರಕ್ಕೂ ಅಪಾಯವಿದೆ, ಕೆಲವೊಮ್ಮೆ ಪ್ರಾಣಕ್ಕೂ. ಈ ಕೆಲಸಕ್ಕೆ ಕೈಹಾಕುವವನು ಸಾಮಾನ್ಯವಾಗಿ ಮನೆಗೆ ದುಡಿದು ಹಾಕುವ ಗಂಡಸು, ಇಲ್ಲವೇ ಗ್ಯಾರೇಜಿನ ಹುಡುಗ.

ತುಕ್ಕು ಹಿಡಿಯುವುದು ಒಳಗಿನಿಂದ. ಅರ್ಧ ಖಾಲಿಯಾದ ಟ್ಯಾಂಕಿನ ಗಾಳಿಯಲ್ಲಿ ತೇವವಿರುತ್ತದೆ. ರಾತ್ರಿಯ ತಂಪಿಗೆ ಅದು ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಇಂಧನಕ್ಕಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಗಾಡಿಯಾದರೆ ಇನ್ನೊಂದು ಕಾರಣವೂ ಸೇರುತ್ತದೆ: ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದ್ದು, ಅದು ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ತೂತಾಗುವುದು ತಳವೇ. ಸೋಪು ತಿಕ್ಕಿ ಸೋರಿಕೆ ನಿಲ್ಲಿಸುವ ಉಪಾಯ ಊರು ಮುಟ್ಟುವವರೆಗೆ ಮಾತ್ರ.

ಮೊದಲ ಅಪಾಯ ಟ್ಯಾಂಕು ಬರಿದು ಮಾಡುವಾಗಲೇ ಇದೆ. ಪೈಪು ಇಳಿಬಿಟ್ಟು ಬಾಯಿಂದ ಎಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಗುಟುಕು ಹೊಟ್ಟೆಗೆ ಹೋದರೆ ವಿಷವಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ನಿಜವಾದ ಭಯ ಬೇರೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬಹಳ ತೆಳುವಾದ ದ್ರವಗಳು. ಕೆಲವೇ ಹನಿ ಗಂಟಲಿನಿಂದ ಶ್ವಾಸನಾಳಕ್ಕೆ ಜಾರಿದರೂ ಶ್ವಾಸಕೋಶದಲ್ಲಿ ಬೇಗ ಹರಡಿ ಒಂದು ಬಗೆಯ ನ್ಯುಮೋನಿಯಾ ತರುತ್ತವೆ. ಇದು ರೋಗಾಣುವಿನಿಂದ ಬಂದದ್ದಲ್ಲ, ರಾಸಾಯನಿಕದ ಉರಿಯಿಂದ ಬಂದದ್ದು. ಕೂಡಲೇ ಕೆಮ್ಮು ಬರುತ್ತದೆ. ಕೆಲವರಿಗೆ ಕೆಮ್ಮು ತಗ್ಗಿ, ಗಂಟೆಗಳ ನಂತರ ಜ್ವರ, ಎದೆನೋವು, ಏದುಸಿರು ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮ ಜನ ಮೊದಲು ಮಾಡುವ ಕೆಲಸ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ದಯವಿಟ್ಟು ಮಾಡಬೇಡಿ. ಹೊಟ್ಟೆಯಲ್ಲಿದ್ದ ಇಂಧನ ಮೇಲಕ್ಕೆ ಬರುವಾಗ ಮತ್ತೊಮ್ಮೆ ಶ್ವಾಸಕೋಶದ ದಾರಿ ಹಿಡಿಯುತ್ತದೆ. ಬಾಯಿ ಮುಕ್ಕಳಿಸಿ ಉಗುಳಲಿ, ಇಂಧನ ಚೆಲ್ಲಿದ ಬಟ್ಟೆ ಬದಲಿಸಲಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಎಕ್ಸ್-ರೇ ಸರಿಯಾಗಿದ್ದರೂ ವೈದ್ಯರು ಕೆಲವು ಗಂಟೆ ಅಲ್ಲೇ ಇರಲು ಹೇಳುತ್ತಾರೆ. ಅದು ಸುಮ್ಮನೆ ಕಾಯಿಸುವುದಲ್ಲ. ಕೈಯಿಂದ ಒತ್ತುವ ರಬ್ಬರ್ ಪಂಪು ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಅದೂ ಬೇಡವೆಂದರೆ ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಇಳಿಸಿಕೊಳ್ಳಿ.

ಇಳಿಸಿದ್ದನ್ನು ಎಲ್ಲಿ ಇಡುತ್ತೀರಿ? ಕೈಗೆ ಸಿಕ್ಕ ನೀರಿನ ಬಾಟಲಿಯಲ್ಲಿ, ಜ್ಯೂಸಿನ ಬಾಟಲಿಯಲ್ಲಿ. ಸೀಮೆಎಣ್ಣೆ ಒಲೆ ಮನೆಮನೆಯಲ್ಲಿದ್ದ ಕಾಲದಲ್ಲಿ ನೀರೆಂದು ಎಣ್ಣೆ ಕುಡಿದ ಎಳೆಯ ಮಕ್ಕಳನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳು ಬೇಕಾದಷ್ಟು ಕಂಡಿವೆ. ಒಲೆ ಹೋದರೂ ಬಾಟಲಿಯ ಅಭ್ಯಾಸ ಹೋಗಿಲ್ಲ. ಮುಚ್ಚಳ ಭದ್ರವಾದ, ಇಂಧನಕ್ಕೆಂದೇ ಇರುವ ಕ್ಯಾನಿನಲ್ಲಿ ತುಂಬಿ ಮಕ್ಕಳಿಗೆ ಎಟುಕದಂತೆ, ಅಡಿಗೆಮನೆಯಿಂದ ದೂರ ಇಡಿ.

ಇನ್ನು ತುಕ್ಕು ತೆಗೆಯುವುದು. ಸುಲಭಕ್ಕೆ ಸಿಗುವುದು ಶೌಚಾಲಯ ತೊಳೆಯುವ ಆಸಿಡ್. ಇದು ಹೈಡ್ರೋಕ್ಲೋರಿಕ್ ಆಮ್ಲ. ಇದರ ಹೊಗೆ ಮೂಗು ಗಂಟಲನ್ನು ಸುಡುತ್ತದೆ, ಆಸ್ತಮಾ ಇದ್ದವರಿಗೆ ಉಸಿರು ಕಟ್ಟಿಸುತ್ತದೆ. ಕಬ್ಬಿಣಕ್ಕೆ ತಾಗಿದಾಗ ಜಲಜನಕ ಅನಿಲ ಹೊರಡುತ್ತದೆ, ಅದೂ ಬೆಂಕಿ ಹಿಡಿಯುವಂಥದ್ದು. ಮೇಲಿನಿಂದ ಬ್ಲೀಚಿಂಗ್ ಪುಡಿ ಹಾಕಿದರಂತೂ ಕ್ಲೋರಿನ್ ಅನಿಲವೇ ಹುಟ್ಟುತ್ತದೆ. ಬೆರೆಸುವುದಾದರೆ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಕಣ್ಣಿಗೆ ಸಿಡಿದರೆ ಕೂಡಲೇ ಕೊಳಾಯಿಯ ಕೆಳಗೆ ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ನಿಮಿಷ ನೀರು ಹರಿಸಿ, ಆಮೇಲೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ನನ್ನನ್ನು ಕೇಳಿದರೆ ಸಿಟ್ರಿಕ್ ಆಮ್ಲದ ಪುಡಿ, ಅಂದರೆ ಅಡಿಗೆಯ ನಿಂಬೆಹುಳಿ ಉಪ್ಪು, ಇದಕ್ಕಿಂತ ಎಷ್ಟೋ ಮೇಲು. ಬಿಸಿನೀರಿನಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಟ್ಟರೆ ಹದವಾದ ತುಕ್ಕು ಬಿಡುತ್ತದೆ. ಕೈಗವಸು, ಕನ್ನಡಕ ಆಗಲೂ ಬೇಕು.

ಪೆಟ್ರೋಲಿನಲ್ಲಿ ಕೈ ತೊಳೆದು ಗ್ರೀಸು ಬಿಡಿಸುವುದು ಗ್ಯಾರೇಜುಗಳಲ್ಲಿ ರೂಢಿ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಸಿದ್ಧವಾಗಿದೆ. ಸೋಪು, ಅಷ್ಟಾಗದಿದ್ದರೆ ಕಡಲೆಹಿಟ್ಟು ಸಾಕು.

ಈಗ ಎಲ್ಲಕ್ಕಿಂತ ದೊಡ್ಡ ಮಾತಿಗೆ ಬರೋಣ. ಬರಿದು ಮಾಡಿದ ಟ್ಯಾಂಕನ್ನು ಬಿಸಿಲಿಗಿಟ್ಟು, ಒಣಗಿತೆಂದು ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಇಂಧನ ತುಂಬಿದ ಟ್ಯಾಂಕಿನೊಳಗೆ ಆವಿಗೆ ಬೇಕಾದ ಗಾಳಿ ಕಡಿಮೆ. ಬರಿದಾದ ಟ್ಯಾಂಕಿನಲ್ಲಿ ಗಾಳಿ ಧಾರಾಳ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇ 1.4ರಿಂದ 7.6ರವರೆಗೆ ಬೆರೆತರೆ ಒಂದು ಕಿಡಿಗೆ ಸಿಡಿಯುತ್ತದೆ. ಐವತ್ತು ಲೀಟರಿನ ಟ್ಯಾಂಕನ್ನು ಆ ಮಟ್ಟಕ್ಕೆ ತರಲು ಒಂದು ಟೀ ಚಮಚದಷ್ಟು ಪೆಟ್ರೋಲ್ ಸಾಕು! ಅಷ್ಟು ಇಂಧನ ತುಕ್ಕಿನ ಹೊಪ್ಪಳೆಯ ಅಡಿಯಲ್ಲಿ, ತಗಡಿನ ಮಡಿಕೆಯಲ್ಲಿ ಅಡಗಿರುತ್ತದೆ. ವಾಸನೆ ಬರದಿದ್ದರೂ ಇರುತ್ತದೆ.

‘ನಮ್ಮದು ಡೀಸೆಲ್, ಕಡ್ಡಿ ಗೀರಿದರೂ ಹತ್ತುವುದಿಲ್ಲ’ ಎನ್ನುವವರಿದ್ದಾರೆ. ತಣ್ಣಗಿರುವ ಡೀಸೆಲಿನ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಆದರೆ ಗ್ಯಾಸಿನ ಜ್ವಾಲೆ ತಗಡನ್ನು ಕಾಯಿಸಿದಾಗ ಒಳಗೆ ಅಂಟಿಕೊಂಡ ಡೀಸೆಲ್ ಆವಿಯಾಗುತ್ತದೆ, ಕಿಡಿ ಅಲ್ಲೇ ಇರುತ್ತದೆ. ಟ್ಯಾಂಕಿನಲ್ಲಿ ನೀರು ತುಂಬಿ ಬೆಸುಗೆ ಹಾಕುವ ಹಳೆಯ ಪದ್ಧತಿ ಬರಿ ಟ್ಯಾಂಕಿಗಿಂತ ವಾಸಿ, ಆದರೆ ಪೂರ್ತಿ ಭದ್ರವಲ್ಲ. ಇಂಧನ ನೀರಿನ ಮೇಲೆ ತೇಲಿ, ಉಳಿದ ಜಾಗಕ್ಕೇ ಬಂದು ಸೇರುತ್ತದೆ. ಕಾರ್ಖಾನೆಗಳಲ್ಲಿ ಹಬೆಯಿಂದ ತೊಳೆದು, ಉರಿಯದ ಅನಿಲ ತುಂಬಿ, ಆವಿ ಅಳೆಯುವ ಉಪಕರಣದಿಂದ ನೋಡಿದ ಮೇಲೆ ಬೆಸುಗೆ ಹಾಕುತ್ತಾರೆ. ರಸ್ತೆ ಬದಿಯ ಶೆಡ್ಡಿನಲ್ಲಿ ಇದ್ಯಾವುದೂ ಇಲ್ಲ. ಆದ್ದರಿಂದ ತೂತು ಬಿದ್ದ ಟ್ಯಾಂಕನ್ನು ಬದಲಿಸಿಬಿಡಿ. ಗುಜರಿಯಿಂದ ತಂದ ಟ್ಯಾಂಕಾದರೆ ಬೆಸುಗೆ ಬೇಡದಷ್ಟು ಗಟ್ಟಿಯಾಗಿದೆಯೇ ನೋಡಿ ಕೊಳ್ಳಿ.

ಬೆಸುಗೆಯವರಿಗೆ ಒಂದು ಮಾತು. ಹಲವು ಹಳೆಯ ಟ್ಯಾಂಕುಗಳ ತಗಡಿಗೆ ಸೀಸ ತವರದ ಲೇಪವೋ ಸತುವಿನ ಲೇಪವೋ ಇರುತ್ತದೆ. ಸತುವಿನ ಹೊಗೆ ಕುಡಿದವರಿಗೆ ಅದೇ ಸಂಜೆ ಚಳಿ, ಜ್ವರ, ಮೈಕೈ ನೋವು ಬಂದು ಮಲೇರಿಯಾ ಎನಿಸುತ್ತದೆ. ಒಂದೆರಡು ದಿನದಲ್ಲಿ ಇಳಿಯುವ ಜ್ವರ ಇದು. ವೈದ್ಯರ ಬಳಿ ಹೋದಾಗ ಆ ದಿನ ಏನು ಕೆಲಸ ಮಾಡಿದಿರಿ ಎಂದು ತಪ್ಪದೆ ಹೇಳಿ.

ಟ್ಯಾಂಕು ಬಿಚ್ಚುವುದು ಬಯಲಲ್ಲಿ ಆಗಲಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಗ್ಯಾರೇಜಿನ ಗುಂಡಿಯಲ್ಲಿ ಅದು ನೀರಿನಂತೆ ನಿಲ್ಲುತ್ತದೆ. ತಲೆಸುತ್ತು, ತಲೆನೋವು ಬಂದರೆ ಕೂಡಲೇ ಹೊರಗೆ ಬನ್ನಿ. ಬ್ಯಾಟರಿಯ ತಂತಿ ಮೊದಲೇ ಬಿಚ್ಚಿರಲಿ, ವೈರಿನ ಬಲ್ಬು ಬೇಡ, ಬೀಡಿಯಂತೂ ಬೇಡವೇ ಬೇಡ. ನೈಲಾನ್ ಅಂಗಿ ಬಿಟ್ಟು ಹತ್ತಿಬಟ್ಟೆ ಹಾಕಿಕೊಳ್ಳಿ. ಪಕ್ಕದಲ್ಲಿ ಎರಡು ಬಕೆಟ್ ಮರಳಿರಲಿ. ಉರಿಯುವ ಇಂಧನಕ್ಕೆ ನೀರೆರಚಿದರೆ ಬೆಂಕಿ ಹರಡುತ್ತದೆ.

ಮೈಗೆ ಬೆಂಕಿ ತಗುಲಿದರೆ ಓಡಬಾರದು, ನೆಲದ ಮೇಲೆ ಉರುಳಬೇಕು. ಬೆಂಕಿ ಆರಿದ ಮೇಲೆ ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಸಗಣಿ ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ, ಅಂಟಿಕೊಂಡ ಬಟ್ಟೆ ಕೀಳದೆ, ಶುಭ್ರವಾದ ಬಟ್ಟೆ ಸಡಿಲವಾಗಿ ಹೊದಿಸಿ 108ಕ್ಕೆ ಕರೆ ಮಾಡಿ. ಮುಖ ಸುಟ್ಟಿದ್ದರೆ, ದನಿ ಒಡೆದಿದ್ದರೆ ಶ್ವಾಸನಾಳ ಊದಿಕೊಳ್ಳುತ್ತಿರಬಹುದು. ಹಾಸನದ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಇಂಧನ ಕುಡಿದ ಪ್ರಸಂಗಗಳಲ್ಲಿ ಸಲಹೆಗೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವಿಷ ಮಾಹಿತಿ ಕೇಂದ್ರವಿದೆ. ಅದರ ಶುಲ್ಕವಿಲ್ಲದ ದೂರವಾಣಿ 1800 116 117.