ಕೆಟ್ಟ ದಿನಕ್ಕೂ ಒಗ್ಗುವ ಗುರಿ

ಕಳೆದ ವರ್ಷ ಕ್ಲಿನಿಕ್‌ಗೆ ಬಂದ ಗೃಹಿಣಿಯೊಬ್ಬರು ಮಗಳ ಹಳೆಯ ನೋಟ್‌ಬುಕ್ ಒಂದನ್ನು ನನ್ನ ಮೇಜಿನ ಮೇಲಿಟ್ಟರು. ಅದರ ತುಂಬ ಗುರಿಗಳ ಪಟ್ಟಿ. ಬೆಳಿಗ್ಗೆ 5ಕ್ಕೆ ಏಳಬೇಕು, ದಿನಾ ಒಂದು ಗಂಟೆ ನಡೆಯಬೇಕು, ನಿಂತುಹೋದ ಹೊಲಿಗೆ ಮತ್ತೆ ಶುರು ಮಾಡಬೇಕು, ಮಕ್ಕಳ ಮೇಲೆ ರೇಗಬಾರದು. ಯಾವ ಪಟ್ಟಿಯೂ ನಾಲ್ಕು ದಿನ ದಾಟಿರಲಿಲ್ಲ. “ನನ್ನಿಂದ ಏನೂ ಆಗಲ್ಲ ಡಾಕ್ಟ್ರೇ” ಎಂದು ಅತ್ತರು.

ಅವರು ಸೋಮಾರಿಯಲ್ಲ. ಅವರಿಗೆ ಖಿನ್ನತೆಯಿತ್ತು.

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು, ಸದಾ ದಣಿವು, ತಾನು ಯಾವುದಕ್ಕೂ ಬಾರದವಳು ಎಂಬ ಭಾವನೆ. ಇವು ಖಿನ್ನತೆಯ ಲಕ್ಷಣಗಳು. ಗುರಿ ಮುಟ್ಟಲು ಬೇಕಾದ ಉತ್ಸಾಹ, ಏಕಾಗ್ರತೆ, ನಿರ್ಧಾರ ಶಕ್ತಿಯನ್ನೇ ಈ ಕಾಯಿಲೆ ಕಸಿದುಕೊಳ್ಳುತ್ತದೆ. ಇದನ್ನು ಈಮಾನಿನ ಕೊರತೆ ಎನ್ನುವವರೂ ಇದ್ದಾರೆ. ಆದರೆ ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಅಬೂ ಝೈದ್ ಅಲ್ ಬಲ್ಖೀ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರೆದಿದ್ದರು.

ಹಾಗಾದರೆ ಏನು ಮಾಡಬೇಕು?

ಉತ್ಸಾಹ ಬರಲಿ, ಆಮೇಲೆ ಮಾಡೋಣ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಹೆಚ್ಚಾಗಿ ಕೆಲಸ ಮೊದಲು, ಉತ್ಸಾಹ ಆಮೇಲೆ. ಆದ್ದರಿಂದ ತೀರಾ ಕೆಟ್ಟ ದಿನದಲ್ಲೂ ಆಗುವಷ್ಟು ಚಿಕ್ಕ ಗುರಿಯಿರಲಿ. ‘ಒಂದು ಗಂಟೆ ನಡಿಗೆ’ ಬೇಡ, ‘ಅಸರ್ ನಂತರ ಗೇಟಿನವರೆಗೆ ಹೋಗಿ ಬರುವುದು’ ಸಾಕು. ದಿನಕ್ಕೆ ಒಂದೇ ಗುರಿ. ತಪ್ಪಿದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಮರುದಿನ ಅದನ್ನು ಅರ್ಧಕ್ಕಿಳಿಸಿ.

ಆರೋಗ್ಯಕ್ಕೆ ಅತ್ಯಗತ್ಯವೆಂದು ಯುನಾನಿ ಹೇಳುವ ಆರು ಅಂಶಗಳಲ್ಲಿ ಆಹಾರ, ನಿದ್ದೆ-ಎಚ್ಚರ, ದೇಹದ ಚಲನೆ-ವಿಶ್ರಾಂತಿ ಸೇರಿವೆ. ಮೊದಲ ಗುರಿಗಳು ಇಲ್ಲಿಂದಲೇ ಬರಲಿ: ಒಂದೇ ಹೊತ್ತಿಗೆ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು.

ಆದರೆ ಗುರಿಗಳಷ್ಟೇ ಚಿಕಿತ್ಸೆಯಲ್ಲ. ಆ ತಾಯಿಯನ್ನು ನಾನು ಮನೋವೈದ್ಯರ ಬಳಿ ಕಳುಹಿಸಿದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಯುನಾನಿ ಔಷಧಿಯನ್ನೂ ಸೇವಿಸುತ್ತಿದ್ದರೆ ಇಬ್ಬರು ವೈದ್ಯರಿಗೂ ತಿಳಿಸಿ. ಸಾಯುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಮನೆಯವರಿಗೆ ಹೇಳಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು.

ಮನೆಯವರೇ, “ಇಷ್ಟೇನಾ ಮಾಡಿದ್ದು?” ಎಂದು ಕೇಳಬೇಡಿ. ಜೊತೆಗೆ ಗೇಟಿನವರೆಗೆ ನಡೆಯಿರಿ.

ಕೆಲವು ತಿಂಗಳ ನಂತರ ಅವರು ಅದೇ ನೋಟ್‌ಬುಕ್ ತಂದರು. ಕೊನೆಯ ಪುಟದಲ್ಲಿ ಒಂದೇ ಸಾಲು ಇತ್ತು: ‘ಇವತ್ತು ಮೆಷಿನ್‌ನ ಸೂಜಿಗೆ ದಾರ ಹಾಕಿದೆ.’