ಡಿಸ್ಪೋಸಲ್ ಗಾಡಿಗಳ ಆರೈಕೆ

ಸೇನೆಯ ಸೇವೆ ಮುಗಿಸಿ ಹರಾಜಾದ ಜೀಪು, ಜೋಂಗಾ, ಲಾರಿಗಳಿಗೆ ಬಳಕೆಯಲ್ಲಿರುವ ಹೆಸರು ‘ಮಿಲಿಟರಿ ಡಿಸ್ಪೋಸಲ್’. ಇಂಥ ಗಾಡಿಯನ್ನು ಕೊಂಡು, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಒಂದು ಹವ್ಯಾಸ. ವಿಂಟೇಜ್ ಕಾರಿನವರು ಬಣ್ಣಕ್ಕೆ, ಕ್ರೋಮಿಯಂ ಹೊಳಪಿಗೆ, ಸೀಟಿನ ಚರ್ಮಕ್ಕೆ ತಲೆ ಕೆಡಿಸಿಕೊಂಡರೆ, ಡಿಸ್ಪೋಸಲ್ ಗಾಡಿಯವರ ಮಾತೆಲ್ಲ ಎಂಜಿನ್ ಏಕೆ ನಿಂತಿತು ಎಂಬುದರ ಸುತ್ತಲೇ ಸುತ್ತುತ್ತದೆ.

ಕಥೆ ಎರಡನೇ ಮಹಾಯುದ್ಧದಿಂದ ಶುರುವಾಗುತ್ತದೆ. 1941ರಿಂದ 1945ರವರೆಗೆ ಅಮೆರಿಕದ ವಿಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಭಾರತಕ್ಕೆ ಬಂದವುಗಳಲ್ಲಿ ಎಷ್ಟೋ ಜೀಪುಗಳು ಯುದ್ಧ ಮುಗಿದ ಮೇಲೆ ಇಲ್ಲಿಯೇ ಮಾರಾಟವಾದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಕೆಸರು ದಾರಿಗೆ ಅದಕ್ಕಿಂತ ಒಗ್ಗುವ ಗಾಡಿ ಬೇರೆ ಇರಲಿಲ್ಲ. ಮುಂದೆ ಮಹೀಂದ್ರ ಕಂಪನಿ ವಿಲೀಸ್ ಜೀಪುಗಳನ್ನು ಮುಂಬಯಿಯಲ್ಲೇ ಜೋಡಿಸತೊಡಗಿತು. ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿ ಪಡೆದು ಜಬಲ್‌ಪುರದಲ್ಲಿ ಶಕ್ತಿಮಾನ್ ಲಾರಿಯ ತಯಾರಿಕೆ ಆರಂಭವಾಯಿತು. ಆಮೇಲೆ ಅದೇ ಊರಿನ ವೆಹಿಕಲ್ ಫ್ಯಾಕ್ಟರಿಯಿಂದ ನಿಸ್ಸಾನ್ ಮೂಲದ ಒಂದು ಟನ್ ಗಾಡಿಯೂ ಜೋಂಗಾ ಕೂಡ ಬಂದವು. ಹಲಸೂರಿನ ಮದ್ರಾಸ್ ಸ್ಯಾಪರ್ಸ್, ಎಎಸ್‌ಸಿ ಸೆಂಟರ್‌ಗಳಿರುವ ಬೆಂಗಳೂರಿಗೆ ಇವೆಲ್ಲ ಕಣ್ಣಿಗೆ ಪಳಗಿದ ಗಾಡಿಗಳೇ.

ಹವ್ಯಾಸಕ್ಕೆ ಬೇಕಾದ ಸಾಮಾನು ಚಾಮರಾಜಪೇಟೆ, ಬಸವನಗುಡಿಗಳ ಆಸುಪಾಸಿನಲ್ಲೇ ಇದೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಜೆ.ಸಿ. ರಸ್ತೆಯ ಉದ್ದಕ್ಕೂ ಆಟೊಮೊಬೈಲ್ ಅಂಗಡಿಗಳು. ಬೋಲ್ಟು, ಉಪಕರಣಗಳಿಗೆ ಎಸ್.ಜೆ.ಪಿ. ರಸ್ತೆ, ಪಕ್ಕದಲ್ಲೇ ಲಾರಿಗಳ ಕಲಾಸಿಪಾಳ್ಯ. ಮಹೀಂದ್ರ ದಶಕಗಟ್ಟಲೆ ಅದೇ ಮೂಲದ ಜೀಪುಗಳನ್ನು ಮಾಡಿದ್ದರಿಂದ ವಿಲೀಸ್‌ಗೆ ಹೊಂದುವ ಎಷ್ಟೋ ಭಾಗಗಳು ಈಗಲೂ ಸಿಗುತ್ತವೆ. ಸಿಗದ ಬುಶ್ಶು, ಪಿನ್ನುಗಳನ್ನು ಲೇತಿನವರು ಹಳೆಯದನ್ನು ಅಳತೆಗಿಟ್ಟುಕೊಂಡು ಕಡೆದು ಕೊಡುತ್ತಾರೆ. ಫೋರ್ಡ್ ಕಂಪನಿ ತಾನು ಮಾಡಿದ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರದ ಅಚ್ಚು ಒತ್ತುತ್ತಿತ್ತು. ಗುಜರಿಯಲ್ಲಿ ಅಂಥದೊಂದು ಬೋಲ್ಟ್ ಸಿಕ್ಕರೆ ಅದನ್ನು ತಿಕ್ಕಿ ಎತ್ತಿಡುವವರಿದ್ದಾರೆ.

ಆರೈಕೆಯ ನಿಜವಾದ ಪರೀಕ್ಷೆ ಬಿಸಿಯಾದ ಮೇಲೆ ನಿಲ್ಲುವ ಜೀಪು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದ ಗಾಡಿ, ಮಧ್ಯಾಹ್ನ ಕೆ.ಆರ್. ಮಾರ್ಕೆಟ್ ಬಳಿಯ ಟ್ರಾಫಿಕ್‌ನಲ್ಲಿ ತೆವಳುವಾಗ ಎರಡು ಸಲ ಮುಗ್ಗರಿಸಿ ಸುಮ್ಮನಾಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರಬಹುದು, ಮೂರರ ಲಕ್ಷಣವೂ ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಪೆಟ್ರೋಲ್ ಕುದಿಯುವುದು. ವಿಲೀಸ್ ಎಂಜಿನ್‌ನಲ್ಲಿ ಪೆಟ್ರೋಲ್ ಪಂಪು, ಕಾರ್ಬ್ಯುರೇಟರು, ಬಿಸಿ ಹೊಗೆ ಹೊರಡುವ ಮ್ಯಾನಿಫೋಲ್ಡು ಮೂರೂ ಒಂದೇ ಮಗ್ಗುಲಲ್ಲಿವೆ. ಗಾಡಿ ನಿಧಾನವಾದಾಗ ಗಾಳಿಯಾಡದೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ದ್ರವವನ್ನು ತಳ್ಳಬೇಕಾದ ಪಂಪು ಆವಿಯನ್ನು ತಳ್ಳಲಾರದು. ಎರಡನೆಯದು ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್. ಹಳೆಯ ಕಂಡೆನ್ಸರು ಬಿಸಿಯಾದಾಗ ಒಳಗೇ ಸೋರಿ ಕಿಡಿಯ ಕಸುವು ಕಳೆಯುತ್ತದೆ, ತಣಿದಾಗ ಸರಿಹೋಗುತ್ತದೆ. ಮೂರನೆಯದು ಟ್ಯಾಂಕಿನ ಮುಚ್ಚಳ. ಡ್ರೈವರ್ ಸೀಟಿನ ಕೆಳಗಿರುವ ಟ್ಯಾಂಕಿಗೆ ಮುಚ್ಚಳದ ಮೂಲಕವೇ ಗಾಳಿ ಹೋಗಬೇಕು. ಅದರ ರಂಧ್ರಕ್ಕೆ ಧೂಳು ತುಂಬಿದರೆ ಪೆಟ್ರೋಲ್ ಖಾಲಿಯಾದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ, ಹರಿವು ನಿಲ್ಲುತ್ತದೆ.

ಈ ಮೂರನ್ನು ಬಿಡಿಸುವ ಕ್ರಮವೇ ಈ ಹವ್ಯಾಸದ ತಿರುಳು. ಗಾಡಿ ನಿಂತ ಕೂಡಲೆ, ಬೇರೇನನ್ನೂ ಮುಟ್ಟುವ ಮೊದಲು, ಒಬ್ಬರು ಟ್ಯಾಂಕಿನ ಮುಚ್ಚಳ ತಿರುಗಿಸಬೇಕು. ಬುಸ್ಸೆಂದು ಗಾಳಿ ಒಳಕ್ಕೆ ನುಗ್ಗಿ ಎಂಜಿನ್ ಸ್ಟಾರ್ಟ್ ಆದರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಮುಚ್ಚಳ ಭದ್ರಪಡಿಸಿ, ಒಂದು ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿದಂತೆಯೇ ಎಂಜಿನ್ನಿನ ಮೈಗೆ ತಾಗಿಸಿಟ್ಟು ಸೆಲ್ಫ್ ಹೊಡೆಯಬೇಕು. ಪ್ಲಗ್ಗನ್ನು ಬಿಚ್ಚಿದ ತೂತಿನಿಂದ ದೂರ ಹಿಡಿಯಬೇಕು, ಪೆಟ್ರೋಲ್ ಪೈಪನ್ನು ಅಲ್ಲಿಯವರೆಗೆ ಸಡಿಲಿಸಕೂಡದು. ಚಟಚಟ ನೀಲಿ ಕಿಡಿ ಬಂದರೆ ಕಂಡೆನ್ಸರಿನ ಮೇಲೆ ಸಂಶಯ ಬೇಡ. ಮಂಕು ಹಳದಿ ಕಿಡಿಯಾದರೆ ಅದನ್ನೇ ಬದಲಿಸಬೇಕು, ಜೊತೆಗೆ ಪಾಯಿಂಟಿನ ಅಂತರ ಅಂಗುಲದ ಸಾವಿರದಲ್ಲಿ 20 ಪಾಲು ಇದೆಯೇ ಎಂದು ಫೀಲರ್ ಗೇಜ್ ಇಟ್ಟು ನೋಡಬೇಕು. ಕಿಡಿ ಸರಿಯಿದ್ದರೆ ಉಳಿದದ್ದು ಒದ್ದೆ ಬಟ್ಟೆ. ಅದನ್ನು ಪಂಪಿಗೂ ಪೈಪಿಗೂ ಸುತ್ತಿದ ಕೆಲವೇ ನಿಮಿಷಗಳಲ್ಲಿ ಎಂಜಿನ್ ಎದ್ದರೆ ಪೆಟ್ರೋಲ್ ಕುದಿದದ್ದು ಖಚಿತ. ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸಿ ಕಟ್ಟುವುದು ಅದಕ್ಕೆ ಪರಿಹಾರ.

ಇಷ್ಟನ್ನೂ ಗಾಡಿ ಬಿಸಿಯಿರುವಾಗಲೇ ಮಾಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ತಂದರೆ ಎಲ್ಲವೂ ಸರಿಯಿರುತ್ತದೆ. ಆಗ ಅಂದಾಜಿನ ಮೇಲೆ ಕಾಯಿಲ್, ಪಂಪು, ಕಾರ್ಬ್ಯುರೇಟರುಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದಾಗುತ್ತದೆ. ಹಾಗೆ ಕಳಚಿ ಗುಜರಿಗೆ ಹೋದ 1940ರ ದಶಕದ ಭಾಗ ಮತ್ತೆ ಕೈಗೆ ಬರುವುದಿಲ್ಲ. ಪೆಟ್ರೋಲ್ ದುಬಾರಿಯಾದಾಗ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ ಕಾಲದಲ್ಲಿ ಮೂಲ ಎಂಜಿನ್ನುಗಳೇ ತೂಕದ ಲೆಕ್ಕದಲ್ಲಿ ಹೋದವು. ಇಂದು ಅವನ್ನೇ ಊರೂರು ಹುಡುಕುತ್ತಾರೆ.

ಉಳಿದ ದೋಷಗಳು ಇಷ್ಟು ಕಾಡುವುದಿಲ್ಲ. ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ದೂರುವ ಮೊದಲು ವೈರು ನೋಡಬೇಕು: ಯುದ್ಧಕಾಲದ ಜೀಪಿನದು 6 ವೋಲ್ಟ್ ವ್ಯವಸ್ಥೆ, ಅದಕ್ಕೆ ದಪ್ಪ ಕೇಬಲ್ಲೂ ತುಕ್ಕಿಲ್ಲದ ಅರ್ಥಿಂಗ್ ಪಟ್ಟಿಯೂ ಬೇಕು. ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಟೈರು, ಟೈ ರಾಡ್, ಕಿಂಗ್ ಪಿನ್ ಬೇರಿಂಗ್ ಈ ಕ್ರಮದಲ್ಲಿ ಪರಿಶೀಲನೆ. ವಿಲೀಸ್‌ನ ಕಾರ್ಟರ್ ಕಾರ್ಬ್ಯುರೇಟರಿನಲ್ಲಿ ಆಕ್ಸಿಲರೇಟರ್ ಪಂಪಿನ ಬಿಲ್ಲೆ ಚರ್ಮದ್ದು. ಗಾಡಿ ತಿಂಗಳುಗಟ್ಟಲೆ ನಿಂತರೆ ಅದು ಒಣಗಿ ಸೆಟೆದು, ಪೆಡಲ್ ಒತ್ತಿದಾಗ ಎಂಜಿನ್ ಉಸಿರುಗಟ್ಟುತ್ತದೆ. ಎಣ್ಣೆಯಲ್ಲಿ ನೆನೆಹಾಕಿ, ಅಂಚನ್ನು ಬೆರಳಿನಿಂದ ಅಗಲಿಸಿ ಮತ್ತೆ ಕೂರಿಸಿದರೆ ಬಹಳ ಸಲ ಅದೇ ಬಿಲ್ಲೆ ಕೆಲಸಕ್ಕೆ ಬರುತ್ತದೆ. ಈಗಿನ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್ ಹೊಸ ತೊಡಕು: ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವ ಹೀರುತ್ತದೆ. ಪಂಪಿನ ಡಯಾಫ್ರಮ್ಮು, ಹೋಸು ಇವೆರಡನ್ನು ಮಾತ್ರ ಮೂಲದ್ದೇ ಇರಲಿ ಎಂದು ಉಳಿಸಿಕೊಳ್ಳುವುದು ತರವಲ್ಲ. ಸೋರಿದರೆ ಬೆಂಕಿಯ ಅಪಾಯ.

ಕಾನೂನಿನ ಮಾತು ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳಿಗಲ್ಲದೆ ಬೇರಾವುದಕ್ಕೂ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಹಾಗಾಗಿ ಎಷ್ಟೇ ನಿಷ್ಠೆಯಿಂದ ಜೋಡಿಸಿದ ಜೀಪೂ ಬೇರೆ ಬಣ್ಣದಲ್ಲೇ ರಸ್ತೆಗಿಳಿಯಬೇಕು. ಬಣ್ಣ ಕೆರೆಯುವಾಗ ಅಡಿಯಲ್ಲಿ ಸೇನೆಯ ಹಳೆಯ ಹಸಿರು, ಮೇಲ್ಮುಖದ ಬಾಣದ ಗುರುತು, ವರ್ಷ ಸೂಚಿಸುವ ಎರಡು ಅಂಕಿ ಕಾಣಿಸಿಕೊಂಡರೂ ಮತ್ತೆ ಮುಚ್ಚದೆ ವಿಧಿಯಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗಷ್ಟೇ ರಸ್ತೆಗಿಳಿಯಲು ಅವಕಾಶ. ಆದರೆ ಆ 50 ವರ್ಷದ ಲೆಕ್ಕ ಮೊದಲ ಮಾರಾಟದ ನಂತರದ ನೋಂದಣಿಯಿಂದ ಶುರು. ಸೇನೆಯಲ್ಲಿ ಎರಡು ದಶಕ ದುಡಿದು ಹರಾಜಾದ ಜೋಂಗಾದ ಆರ್.ಸಿ. ಪುಸ್ತಕ ಆ ವರ್ಷಗಳನ್ನು ಹೇಳುವುದಿಲ್ಲ.

ಲಾರಿಗೆ ಇಷ್ಟೂ ಇಲ್ಲ. ಆ ನಿಯಮ ದ್ವಿಚಕ್ರ ವಾಹನಗಳಿಗೂ ಕಾರಿನ ವರ್ಗದ ನಾಲ್ಕು ಚಕ್ರದ ವಾಹನಗಳಿಗೂ ಸೀಮಿತ. ಸರಕು ಹೊರುವ ಶಕ್ತಿಮಾನ್ ಆಗಲಿ, ನಿಸ್ಸಾನ್ ಒಂದು ಟನ್ ಆಗಲಿ ಅದರೊಳಗೆ ಬರುವುದಿಲ್ಲ. ಕಾಂಪೌಂಡು ಇದ್ದ ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳು ಅಪಾರ್ಟ್‌ಮೆಂಟ್‌ಗಳಾದ ಮೇಲೆ ನಾಲ್ಕು ಟನ್ ಸಾಮರ್ಥ್ಯದ ಲಾರಿ ನಿಲ್ಲಿಸಲು ಜಾಗವೂ ಉಳಿದಿಲ್ಲ. ಹವ್ಯಾಸಿಗಳು ಜೀಪು, ಜೋಂಗಾಗಳಿಗೆ ತೃಪ್ತಿಪಟ್ಟುಕೊಂಡಿದ್ದಾರೆ. ಶಕ್ತಿಮಾನ್ ಲಾರಿಗಳು ಹರಾಜಿನಿಂದ ನೇರವಾಗಿ ಗುಜರಿಗೆ ಹೋಗುವುದೇ ಹೆಚ್ಚು.